ಚಂಡೆ ಕೆಂಪು ಮುಟ್ಟುತ್ತದೆ, ಪದ್ಯ ಮಾತ್ರ ಕೇಳಿಸದು: ಧ್ವನಿ ಅಂಕಣದ ಪ್ರಶ್ನೋತ್ತರ

ಮಳೆ ಹಿಡಿದು ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ, ಬೇಸಿಗೆಯಿಡೀ ಧ್ವನಿ ಮುದ್ರಿಸಿಕೊಂಡದ್ದನ್ನು ಒಪ್ಪ ಮಾಡಲು ಕೂರುವವರು ನಮ್ಮ ಜಿಲ್ಲೆಯಲ್ಲಿ ಈಚೆಗೆ ಹೆಚ್ಚಾಗಿರುವಂತೆ ಕಾಣುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಧ್ವನಿ ಅಳೆಯುವ ಮೀಟರುಗಳ ಬಗ್ಗೆಯೇ ಇವೆ. ಮೊದಲ ಪತ್ರಕ್ಕೆ ಉದ್ದವಾಗಿ ಉತ್ತರಿಸಿದ್ದೇನೆ; ಉಳಿದ ಪ್ರಶ್ನೆಗಳ ಬೇರು ಅದರಲ್ಲೇ ಇದೆ.

ಪ್ರಶ್ನೆ: ನಮ್ಮದು ಹವ್ಯಾಸಿ ಯಕ್ಷಗಾನ ತಂಡ. ಒಂದು ಪ್ರಸಂಗದ ಆಯ್ದ ಪದ್ಯಗಳನ್ನು ನಾಲ್ಕು ಮೈಕ್ ಇಟ್ಟು ಮುದ್ರಿಸಿ ಯೂಟ್ಯೂಬಿಗೆ ಹಾಕಿದೆವು. ಕಂಪ್ಯೂಟರಿನ ಮೀಟರ್ ಮೈನಸ್ 1ರವರೆಗೆ ಹೋಗಿ ಕೆಂಪಿನ ಅಂಚು ಮುಟ್ಟುತ್ತಿತ್ತು. ಅದಕ್ಕಿಂತ ಏರಿಸಲು ಜಾಗವೇ ಇರಲಿಲ್ಲ. ಆದರೂ ನಮ್ಮದು ಮುಗಿದು ಸಿನಿಮಾ ಹಾಡೊಂದು ಶುರುವಾದರೆ ಬೆಚ್ಚಿಬೀಳುವಷ್ಟು ಜೋರಾಗಿ ಕೇಳುತ್ತದೆ. ಅದರ ಮುಂದೆ ನಮ್ಮ ಭಾಗವತರ ದನಿ ಹಿತ್ತಿಲಿನಿಂದ ಬಂದ ಹಾಗಿದೆ. ಮೀಟರ್ ಸುಳ್ಳು ಹೇಳುತ್ತಿದೆಯೆ? (ಓದುಗರೊಬ್ಬರು, ಶಿರಸಿ)

ಉತ್ತರ: ಮೀಟರ್ ನಿಜವನ್ನೇ ಹೇಳುತ್ತಿದೆ, ಆದರೆ ನೀವು ಕೇಳದೇ ಇರುವ ಪ್ರಶ್ನೆಗೆ. ನೀವು ನೋಡುತ್ತಿರುವುದು ಪೀಕ್ ಮೀಟರ್. ಧ್ವನಿಯ ಅಲೆಯ ತುದಿ ಎಷ್ಟು ಎತ್ತರ ಹೋಯಿತು, ಡಿಜಿಟಲ್ ವ್ಯವಸ್ಥೆಯ ನೆತ್ತಿಯಾದ ಸೊನ್ನೆ ಡಿಬಿಎಫ್‌ಎಸ್‌ಗೆ (ಆ ನೆತ್ತಿಯಿಂದ ಕೆಳಮುಖವಾಗಿ ಎಣಿಸುವ ಡೆಸಿಬಲ್ ಮಾನ) ಇನ್ನೆಷ್ಟು ಅಂತರ ಉಳಿದಿದೆ ಎಂಬುದನ್ನು ತಿಳಿಸುವುದಷ್ಟೇ ಅದರ ಕೆಲಸ. ಕೊಡ ತುಂಬಿ ತುಳುಕುತ್ತದೆಯೋ ಇಲ್ಲವೋ ಎಂದು ಅದು ಹೇಳಬಲ್ಲದು. ಕೇಳುವವನ ಕಿವಿಗೆ ದನಿ ಎಷ್ಟು ದೊಡ್ಡದಾಗಿ ತಾಗುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಚಂಡೆಯ ಒಂದು ಪೆಟ್ಟು ಕೆಲವೇ ಮಿಲಿಸೆಕೆಂಡುಗಳಲ್ಲಿ ತುದಿಗೇರಿ, ಅಷ್ಟೇ ಬೇಗ ಇಳಿದುಬಿಡುತ್ತದೆ. ಪೀಕ್ ಮೀಟರಿಗೆ ಅದು ಬೆಟ್ಟದಷ್ಟು ಎತ್ತರ. ಕಿವಿಯಾದರೋ ಸದ್ದನ್ನು ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಹೊತ್ತು ಕೂಡಿಸಿಕೊಂಡು ಗಾತ್ರವನ್ನು ಅಂದಾಜು ಮಾಡುವುದರಿಂದ, ಅಷ್ಟು ಚಿಕ್ಕ ಸದ್ದು ಅದರ ಎತ್ತರಕ್ಕೆ ತಕ್ಕಷ್ಟು ದೊಡ್ಡದಾಗಿ ಕೇಳುವುದಿಲ್ಲ. ಭಾಗವತರು ಎಳೆದು ಹಾಡುವ ಪದ್ಯದ ಸಾಲು ತುದಿಯಲ್ಲಿ ತಗ್ಗಾಗಿದ್ದರೂ ಕಿವಿಯನ್ನು ತುಂಬುತ್ತದೆ. ಹಾಗಾಗಿ ನಿಮ್ಮ ಫೈಲಿನ ಜಾಗವನ್ನೆಲ್ಲ ಚಂಡೆ ಹಿಡಿದುಕೊಂಡಿದೆ, ಪದ್ಯ ಎಷ್ಟೋ ಕೆಳಗೆ ಕೂತಿದೆ.

ಕಿವಿಯ ಲೆಕ್ಕಕ್ಕೆ ಹತ್ತಿರ ಬರಲು ಮಾಡಿದ ಮೊದಲ ದೊಡ್ಡ ಪ್ರಯತ್ನವೆಂದರೆ 1939ರಲ್ಲಿ ಅಮೆರಿಕದ ರೇಡಿಯೊ ಮತ್ತು ಟೆಲಿಫೋನ್ ಎಂಜಿನಿಯರುಗಳು ಸೇರಿ ರೂಪಿಸಿದ ವಿಯು ಮೀಟರ್. ಹಳೆಯ ಟೇಪ್ ರೆಕಾರ್ಡರುಗಳಲ್ಲಿ ಕುಣಿಯುತ್ತಿದ್ದ ಮುಳ್ಳು ಅದೇ. ಅದು ಮೇಲೇರಲು 300 ಮಿಲಿಸೆಕೆಂಡು ಬೇಕಾದ್ದರಿಂದ ಚಂಡೆಯ ಪೆಟ್ಟು ಅದಕ್ಕೆ ಸರಿಯಾಗಿ ಕಾಣುವುದೇ ಇಲ್ಲ. ಈಗ ನಾವು ಬಳಸುವ ಲೌಡ್‌ನೆಸ್ ಮೀಟರಿನ ಲೆಕ್ಕಾಚಾರವನ್ನು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿ ಬಿಎಸ್ 1770 ಎಂಬ ಶಿಫಾರಸಿನಲ್ಲಿ ಪ್ರಕಟಿಸಿತು. ಅದರಲ್ಲಿ ಧ್ವನಿಯನ್ನು ಮೊದಲು ಕೆ-ವೇಟಿಂಗ್ ಎಂಬ ಸೋಸುವಿಕೆಗೆ ಒಳಪಡಿಸುತ್ತಾರೆ: ಬಹಳ ತಗ್ಗಿನ ಕಂಪನಗಳನ್ನು ಕಡಿಮೆ ಎಣಿಸಿ, ಸುಮಾರು 2 ಕಿಲೋಹರ್ಟ್ಸ್‌ನಿಂದ ಮೇಲಿನವನ್ನು 4 ಡೆಸಿಬಲ್‌ನಷ್ಟು ಹೆಚ್ಚು ಎಣಿಸುವುದು ಇದರ ಸಾರ. ಬಳಿಕ ಅಲೆಯ ಶಕ್ತಿಯ ಸರಾಸರಿ ತೆಗೆಯುತ್ತಾರೆ. ಬರುವ ಅಂಕಿಯ ಮಾನಕ್ಕೆ ಎಲ್‌ಯುಎಫ್‌ಎಸ್ ಎಂದು ಹೆಸರು. ಸ್ಟುಡಿಯೊದವರ ಬಾಯಲ್ಲಿ ಅದು ‘ಲಫ್ಸ್’. ಒಂದು ಲೌಡ್‌ನೆಸ್ ಯೂನಿಟ್ ಅಂದರೆ ಒಂದು ಡೆಸಿಬಲ್ ಎಂದೇ ಇಟ್ಟುಕೊಳ್ಳಿ, ತೊಂದರೆಯಿಲ್ಲ.

ಈಗ ನಿಮ್ಮ ಪದ್ಯಕ್ಕೆ ಬರೋಣ. ನಿಮ್ಮ ಪತ್ರದ ವಿವರ ನೋಡಿದರೆ ಇಡೀ ಫೈಲಿನ ಲೌಡ್‌ನೆಸ್ ಮೈನಸ್ 24 ಲಫ್ಸ್ ಆಸುಪಾಸಿನಲ್ಲಿ ಇರಬೇಕೆಂದು ನನ್ನ ಅಂದಾಜು. ಸಿನಿಮಾ ಹಾಡು ಮೈನಸ್ 9ರಲ್ಲಿ ತಯಾರಾಗಿದೆ ಎಂದು ಹಿಡಿಯೋಣ. ಯೂಟ್ಯೂಬ್ ಸುಮಾರು ಮೈನಸ್ 14ಕ್ಕಿಂತ ಜೋರಾಗಿರುವುದನ್ನು ಆ ಮಟ್ಟಕ್ಕೆ ಇಳಿಸುತ್ತದೆ, ತಗ್ಗಾಗಿರುವುದನ್ನು ಏರಿಸುವುದಿಲ್ಲ. (ಕೇಳುಗರು ತಮ್ಮ ಫೋನಿನಲ್ಲಿ ಆರಿಸಿಕೊಳ್ಳುವ ಸ್ಟೇಬಲ್ ವಾಲ್ಯೂಮ್ ಬೇರೆಯೇ ವ್ಯವಸ್ಥೆ, ಅದನ್ನು ಬದಿಗಿಟ್ಟು ಹೇಳುತ್ತಿದ್ದೇನೆ.) ಹಾಗಾಗಿ ಸಿನಿಮಾ ಹಾಡು 5 ಡೆಸಿಬಲ್ ಇಳಿದು ಮೈನಸ್ 14ಕ್ಕೆ ಬರುತ್ತದೆ, ನಿಮ್ಮದು ಮೈನಸ್ 24ರಲ್ಲೇ ಉಳಿಯುತ್ತದೆ. 10 ಡೆಸಿಬಲ್ ಅಂತರವೆಂದರೆ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು. ಸ್ಪಾಟಿಫೈ ತಗ್ಗಿನದನ್ನು ಏರಿಸುತ್ತದೆಯಾದರೂ ತುದಿ ಸೊನ್ನೆಗಿಂತ 1 ಡೆಸಿಬಲ್ ಕೆಳಗೆ ಉಳಿಯುವಷ್ಟು ಮಾತ್ರ. ನಿಮ್ಮ ಚಂಡೆ ಆಗಲೇ ಅಲ್ಲಿಗೆ ಹೋಗಿ ಕೂತಿರುವುದರಿಂದ ಅಲ್ಲಿಯೂ ಲಾಭವಿಲ್ಲ.

ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಎಲ್ಲ ಮೈಕುಗಳ ಧ್ವನಿ ಕೂಡುವ ಮಾಸ್ಟರ್ ಚಾನೆಲ್ಲಿಗೆ ಒಂದು ಲಿಮಿಟರ್ (ತುದಿಗಳು ಗೊತ್ತುಮಾಡಿದ ಗಡಿ ದಾಟದಂತೆ ತಡೆಯುವ ಸಾಧನ) ಹಾಕಿ, ಮೀಟರ್ ಮೈನಸ್ 14 ತೋರಿಸುವ ತನಕ 10 ಡೆಸಿಬಲ್ ಒತ್ತಿಬಿಡುವುದು. ಅಂಕಿ ಬರುತ್ತದೆ, ಪದ್ಯ ಕೆಡುತ್ತದೆ. ಪ್ರತಿ ಪೆಟ್ಟಿಗೂ ಲಿಮಿಟರ್ ಇಡೀ ಹಿಮ್ಮೇಳವನ್ನು ಕೆಳಗೆ ಅದುಮುವುದರಿಂದ, ಉರುಳಿಕೆ ಬಂದಾಗಲೆಲ್ಲ ಭಾಗವತರ ದನಿ ಯಾರೋ ಕತ್ತು ಹಿಸುಕಿದ ಹಾಗೆ ಅದುರುತ್ತದೆ. ರೋಗ ಚಂಡೆಯ ಚಾನೆಲ್ಲಿನಲ್ಲಿ ಇದ್ದರೆ ಮದ್ದನ್ನೂ ಅಲ್ಲಿಗೇ ಹಾಕಬೇಕು. ನಿಮ್ಮಲ್ಲಿ ನಾಲ್ಕು ಮೈಕಿನ ಧ್ವನಿ ಬೇರೆಬೇರೆಯಾಗಿ ಇರುವುದು ದೊಡ್ಡ ಅನುಕೂಲ. ಮೊದಲು ಮೀಟರುಗಳನ್ನೆಲ್ಲ ಮುಚ್ಚಿಟ್ಟು, ಭಾಗವತರ ದನಿಯೊಂದನ್ನೇ ಹಿತವಾಗಿ ಕೇಳುವ ಮಟ್ಟಕ್ಕೆ ತಂದು, ಮದ್ದಳೆಯನ್ನು ಅದರ ಕೆಳಗೆ ಕೂರಿಸಿ, ಆಮೇಲೆ ಚಂಡೆಯ ಫೇಡರನ್ನು (ಮಟ್ಟ ಏರಿಳಿಸುವ ಜಾರುಗುಂಡಿ) ತೀರಾ ಕೆಳಗಿನಿಂದ ನಿಧಾನವಾಗಿ ಏರಿಸುತ್ತಾ ಹೋಗಿ. ಭಾಗವತರ ಮೈಕಿಗೆ ಚಂಡೆಯ ಸದ್ದು ಹೇಗೂ ನುಗ್ಗಿರುತ್ತದಾದ್ದರಿಂದ, ನೀವು ಎಣಿಸಿದ್ದಕ್ಕಿಂತ ಬಹಳ ಮೊದಲೇ ಸಾಕು ಅನ್ನಿಸುತ್ತದೆ. ಆ ಬಳಿಕ ಚಂಡೆಯ ಚಾನೆಲ್ಲಿಗೆ ಮಾತ್ರ ವೇಗದ ಲಿಮಿಟರ್ ಹಾಕಿ, ತೀರಾ ಚೂಪಾದ ತುದಿಗಳಿಂದ 4-5 ಡೆಸಿಬಲ್ ತೆಗೆಯಿರಿ. ಅಷ್ಟು ತೆಗೆದರೂ ಪೆಟ್ಟಿನ ಗತ್ತು ಹೋಗುವುದಿಲ್ಲ. ಅದಕ್ಕಿಂತ ಹೆಚ್ಚು ತೆಗೆದರೆ ಚಂಡೆ ಹೋಗಿ ಡಬ್ಬಿ ಆಗುತ್ತದೆ. ಭಾಗವತರ ದನಿಗೆ 2-3 ಡೆಸಿಬಲ್‌ನಷ್ಟು ಮೆದುವಾದ ಕಂಪ್ರೆಷನ್ (ಜೋರು-ಮೆಲುವಿನ ಅಂತರವನ್ನು ಕಡಿಮೆ ಮಾಡುವುದು) ಇರಲಿ. ಇಷ್ಟಾದ ಮೇಲೆ ಮಾಸ್ಟರಿನ ಲಿಮಿಟರಿಗೆ 2-3 ಡೆಸಿಬಲ್ ಕೆಲಸವಷ್ಟೇ ಉಳಿಯುತ್ತದೆ, ಒಟ್ಟು ಲೌಡ್‌ನೆಸ್ ಮೈನಸ್ 17ರಿಂದ ಮೈನಸ್ 16ರ ಹತ್ತಿರ ಬಂದು ನಿಲ್ಲುತ್ತದೆ.

ಅಲ್ಲಿಗೇ ಬಿಡಿ. ಮೈನಸ್ 14 ತಲುಪಲಿಲ್ಲವೆಂದು ಯಾರೂ ನಿಮ್ಮನ್ನು ನಪಾಸು ಮಾಡುವುದಿಲ್ಲ. ಅದು ಆ ಜಾಲತಾಣಗಳು ಧ್ವನಿಯನ್ನು ಏರಿಳಿಸಲು ಇಟ್ಟುಕೊಂಡ ಗೆರೆ. ಎಲ್ಲ ಸಂಗೀತವೂ ಆ ಗೆರೆಯ ಮೇಲೇ ಕೂರಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ಹಿಂದೂಸ್ತಾನಿಯ ವಿಲಂಬಿತ್ ಖ್ಯಾಲನ್ನೂ ಬಡಗುತಿಟ್ಟಿನ ಯುದ್ಧದ ಪದ್ಯವನ್ನೂ ಒಂದೇ ಅಂಕಿಗೆ ಎಳೆದು ಕೂರಿಸುವುದು ನನ್ನ ಮಟ್ಟಿಗಂತೂ ಅಸಭ್ಯತನ.

ಪ್ರಶ್ನೆ: ಮುದ್ರಿಸುವಾಗ ಮಟ್ಟವನ್ನು ಎಷ್ಟಕ್ಕೆ ಇಡಬೇಕು? ಹಿರಿಯರೊಬ್ಬರು ‘ಮುಳ್ಳು ಸೊನ್ನೆಯಲ್ಲಿರಲಿ’ ಎನ್ನುತ್ತಾರೆ, ನನ್ನ ರೆಕಾರ್ಡರಿನಲ್ಲಿ ಸೊನ್ನೆಗೆ ಬಂದರೆ ಕೆಂಪು ದೀಪ ಹತ್ತುತ್ತದೆ. (ಓದುಗರೊಬ್ಬರು, ಹೊನ್ನಾವರ)

ಉತ್ತರ: ಆ ಹಿರಿಯರ ಸೊನ್ನೆ ಬೇರೆ, ನಿಮ್ಮ ರೆಕಾರ್ಡರಿನ ಸೊನ್ನೆ ಬೇರೆ. ಈ ವ್ಯತ್ಯಾಸವನ್ನು ನಾನು ಕಲಿತದ್ದು ಒಂದು ರಾತ್ರಿಯ ತಾಳಮದ್ದಳೆಯನ್ನು ಕೈಯಾರೆ ಹಾಳುಮಾಡಿಕೊಂಡು. ಶ್ರುತಿಪೆಟ್ಟಿಗೆಯ ನಾದಕ್ಕೆ ಮಿಕ್ಸರಿನ ವಿಯು ಮುಳ್ಳು ಸೊನ್ನೆಗೆ ಬರುವಂತೆ ಮಾಡಿ, ಅದೇ ನಾದವನ್ನು ಡಿಜಿಟಲ್ ರೆಕಾರ್ಡರಿನಲ್ಲಿ ಮೈನಸ್ 3ಕ್ಕೆ ಇಟ್ಟು, ಬಹಳ ಚೊಕ್ಕವಾಗಿ ಹೊಂದಿಸಿದೆನೆಂದು ಹಿಂದೆ ಸರಿದು ಕೂತೆ. ಪೀಠಿಕೆ ಮುಗಿದು ಚಂಡೆ ಬಿದ್ದದ್ದೇ ತಡ, ಪ್ರತಿ ಪೆಟ್ಟಿನ ತಲೆಯೂ ಕತ್ತರಿಸಿ ಹೋಯಿತು. ಮುಳ್ಳು ಮಾತ್ರ ಕೊನೆಯವರೆಗೂ ಸೊನ್ನೆಯ ಹತ್ತಿರವೇ ಶಾಂತವಾಗಿ ತೂಗುತ್ತಿತ್ತು.

ವಿಯು ಮೀಟರಿನ ಸೊನ್ನೆ ಎನ್ನುವುದು ಸಾಮಾನ್ಯ ಕೆಲಸದ ಮಟ್ಟ. ಅದರ ಮೇಲೆ ಪೆಟ್ಟುಗಳಿಗೆಂದು ಸಾಕಷ್ಟು ಜಾಗ ಬಿಟ್ಟಿರುತ್ತಾರೆ. ಡಿಜಿಟಲ್ ಸೊನ್ನೆ ಕೊನೆಯ ಗೋಡೆ. ಅದರಾಚೆ ಒಂದು ಕೂದಲಿನಷ್ಟೂ ಜಾಗವಿಲ್ಲ. ಯುರೋಪಿನ ಪ್ರಸಾರದವರು ಕೆಲಸದ ಮಟ್ಟವನ್ನು ಮೈನಸ್ 18 ಡಿಬಿಎಫ್‌ಎಸ್‌ಗೆ ಹೊಂದಿಸಿಕೊಂಡರೆ ಅಮೆರಿಕದವರು ಮೈನಸ್ 20ಕ್ಕೆ ಹೊಂದಿಸಿಕೊಳ್ಳುತ್ತಾರೆ. ನೀವು 24 ಬಿಟ್‌ನಲ್ಲಿ ಮುದ್ರಿಸಿ, ಅತಿ ಜೋರಾದ ಉರುಳಿಕೆಯನ್ನು ಮೊದಲೇ ಬಾರಿಸಲು ಹೇಳಿ, ಅದರ ತುದಿ ಮೈನಸ್ 12ರ ಹತ್ತಿರ ಬರುವಂತೆ ಗೇನ್ (ಮೈಕಿನ ದನಿಯನ್ನು ಹಿಗ್ಗಿಸುವ ಪ್ರಮಾಣ) ಇಡಿ. ಆಟದ ಹುರುಪಿನಲ್ಲಿ ಅದೇ ಕೈ ಇನ್ನೂ 6 ಡೆಸಿಬಲ್ ಜೋರಾಗಿ ಬಾರಿಸುತ್ತದೆ. ದನಿ ತಗ್ಗಾಯಿತೆಂಬ ಭಯ ಬೇಡ: 16 ಬಿಟ್‌ನ ವ್ಯಾಪ್ತಿ ಸುಮಾರು 96 ಡೆಸಿಬಲ್ ಆದರೆ 24 ಬಿಟ್‌ನದು ತತ್ವದಲ್ಲಿ 144, ನಿಮ್ಮ ಅಂಗಳದ ಜೀರುಂಡೆಯ ಸದ್ದು ಅದರ ತಳಕ್ಕಿಂತ ಎಷ್ಟೋ ಮೇಲಿರುತ್ತದೆ. ಮುದ್ರಣದ ಹೊತ್ತಿನಲ್ಲಿ ಪೀಕ್ ಮೀಟರ್ ಒಂದೇ ಸಾಕು. ಲೌಡ್‌ನೆಸ್ ಮೀಟರಿಗೆ ಅಲ್ಲಿ ಕೆಲಸವಿಲ್ಲ.

ಪ್ರಶ್ನೆ: ಅರ್ಥಗಾರಿಕೆಯ ನಡುವೆ ದೀರ್ಘ ಮೌನ ಬಂದರೂ ಲೌಡ್‌ನೆಸ್ ಮೀಟರಿನ ಒಟ್ಟು ಅಂಕಿ ಇಳಿಯುವುದಿಲ್ಲ. ಸರಾಸರಿಯಾದರೆ ಇಳಿಯಬೇಕಲ್ಲವೆ? ಮುದ್ರಣವಿಡೀ ಹೊರಗಿನ ಮಳೆಯ ಸದ್ದೂ ಇದೆ. (ಓದುಗರೊಬ್ಬರು, ಸಿದ್ದಾಪುರ)

ಉತ್ತರ: ಒಳ್ಳೆಯ ಗಮನ. ಮೀಟರಿನಲ್ಲಿ ಮೂರು ಅಂಕಿಗಳಿರುತ್ತವೆ. ಮೊಮೆಂಟರಿ ಎಂಬುದು 400 ಮಿಲಿಸೆಕೆಂಡಿನದು, ಶಾರ್ಟ್ ಟರ್ಮ್ ಎಂಬುದು 3 ಸೆಕೆಂಡಿನದು, ಇಂಟಿಗ್ರೇಟೆಡ್ ಎಂಬುದು ಮೊದಲಿನಿಂದ ಕೊನೆಯವರೆಗಿನದು. ಈ ಮೂರನೆಯದು ಎಲ್ಲವನ್ನೂ ಕೂಡಿಸುವುದಿಲ್ಲ. ಬಿಎಸ್ 1770ರ 2011ರ ಪರಿಷ್ಕರಣೆಯಲ್ಲಿ ಅದಕ್ಕೆ ಎರಡು ಜರಡಿ ಸೇರಿಸಿದರು: ಮೈನಸ್ 70 ಲಫ್ಸ್‌ಗಿಂತ ಕೆಳಗಿನ ತುಣುಕುಗಳನ್ನು ಮೊದಲೇ ಬಿಟ್ಟು, ಉಳಿದವುಗಳ ಸರಾಸರಿ ತೆಗೆದು, ಆ ಸರಾಸರಿಗಿಂತ 10 ಯೂನಿಟ್‌ಗೂ ಹೆಚ್ಚು ಕೆಳಗಿರುವ ತುಣುಕುಗಳನ್ನೂ ಕೈಬಿಟ್ಟು ಮತ್ತೆ ಲೆಕ್ಕ ಹಾಕುತ್ತದೆ. ನಿಮ್ಮ ಅರ್ಥಧಾರಿಗಳ ಮಾತು ಮೈನಸ್ 20ರಲ್ಲಿದ್ದು, ಹಂಚಿನ ಮೇಲೆ ಬೀಳುವ ಮಳೆ ಮೈನಸ್ 38ರಲ್ಲಿದ್ದರೆ, ಮಾತಿಲ್ಲದ ಹೊತ್ತಿನ ಮಳೆಯೆಲ್ಲ ಜರಡಿಯಿಂದ ಹೊರಗೆ. ಆದ್ದರಿಂದ ಅಂಕಿ ಅಲುಗುವುದಿಲ್ಲ.

ಇದರಿಂದ ಒಂದು ಉಪಯೋಗವೂ ಉಂಟು. ಕಂಪ್ರೆಸರನ್ನು ಜಾಸ್ತಿ ಒತ್ತಿದಾಗ ಮಾತಿನ ಸಂದಿಯ ಮಳೆ ಮೇಲೆದ್ದು ಮೈನಸ್ 26ಕ್ಕೆ ಬಂದಿತೆನ್ನಿ. ಆಗ ಅದು ಜರಡಿಯೊಳಗೆ ಸೇರಿಕೊಳ್ಳುತ್ತದೆ, ಮೌನದ ಹೊತ್ತಿನಲ್ಲಿ ಇಂಟಿಗ್ರೇಟೆಡ್ ಅಂಕಿ ಮೆಲ್ಲಗೆ ಇಳಿಯತೊಡಗುತ್ತದೆ. ಹಾಗಾದಾಗ ಮಳೆಯನ್ನು ನೀವು ಮಾತಿಗೆ ಸರಿಗಟ್ಟಿ ಕೂರಿಸುತ್ತಿದ್ದೀರಿ ಎಂದು ತಿಳಿಯಿರಿ.

ಅರ್ಥಗಾರಿಕೆಗೆ ಇನ್ನೊಂದು ಅಂಕಿಯನ್ನೂ ನೋಡುವುದು ಒಳ್ಳೆಯದು: ಲೌಡ್‌ನೆಸ್ ರೇಂಜ್. ಮೂರು ಸೆಕೆಂಡಿನ ಅಳತೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ಅಡಿಯ ಶೇ. 10ನ್ನೂ ಮೇಲಿನ ಶೇ. 5ನ್ನೂ ಬಿಟ್ಟು, ಉಳಿದವುಗಳ ನಡುವಿನ ಅಂತರ ಎಷ್ಟೆಂದು ಅದು ತಿಳಿಸುತ್ತದೆ. ಪಿಸುಮಾತಿನ ಸಂಧಾನದಿಂದ ರಣಾವೇಶದವರೆಗೆ ಹೋಗುವ ಮಾತಿನಲ್ಲಿ ಆ ಅಂತರ 15 ದಾಟಿದರೆ ಮನೆಯಲ್ಲಿ ಕೂತು ಕೇಳಲು ಸೊಗಸು. ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿಯುತ್ತ ಕೇಳುವವರಿಗೆ ಅರ್ಧ ಮಾತು ಸಿಗುವುದಿಲ್ಲ. ಕಂಪ್ರೆಸರಿಗಿಂತ ಮೊದಲು ಕೈಯಿಂದಲೇ ಫೇಡರ್ ಏರಿಳಿಸಿ ಅದನ್ನು 10ರ ಆಸುಪಾಸಿಗೆ ತನ್ನಿ. ಬೇಸರದ ಕೆಲಸವೆಂದು ಗೊತ್ತು. ಆದರೂ ಅರ್ಥಧಾರಿ ಉಸಿರು ಎಲ್ಲಿ ಬಿಡುತ್ತಾರೆ ಎಂಬುದು ಯಂತ್ರಕ್ಕಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ನನ್ನ ಮಾಸ್ಟರಿನ (ಅಂತಿಮ ಫೈಲಿನ) ತುದಿ ಮೈನಸ್ 0.1 ದಾಟಿಲ್ಲ. ಆದರೂ ಎಂಪಿ3 ಮಾಡಿ ಫೋನಿನಲ್ಲಿ ಕೇಳಿದರೆ ತಾಳದ ಸದ್ದು ಸಿಡಿದಂತೆ ಕೇಳುತ್ತದೆ. ಏಕೆ? (ಓದುಗರೊಬ್ಬರು, ಕಾರವಾರ)

ಉತ್ತರ: ನಿಮ್ಮದು ಕಡಲತೀರದ ಊರು, ಹೀಗೆ ಯೋಚಿಸಿ. ದಂಡೆಯಲ್ಲಿ ನಿಂತು ಸೆಕೆಂಡಿಗೊಮ್ಮೆ ಮಾತ್ರ ಕಣ್ಣು ತೆರೆದು ಅಲೆಯ ಎತ್ತರವನ್ನು ಬರೆದುಕೊಳ್ಳುತ್ತೀರಿ. ಅಲೆಯ ನೆತ್ತಿ ನೀವು ಕಣ್ಣು ಮುಚ್ಚಿದ್ದಾಗ ಹಾದುಹೋದರೆ ನಿಮ್ಮ ಪಟ್ಟಿಯಲ್ಲಿ ಅದು ಇರುವುದಿಲ್ಲ, ಕಾಲು ಮಾತ್ರ ಒದ್ದೆಯಾಗಿರುತ್ತದೆ. ಸಾಮಾನ್ಯ ಪೀಕ್ ಮೀಟರ್ ಕೂಡ ಸ್ಯಾಂಪಲ್ಲುಗಳನ್ನಷ್ಟೇ, ಅಂದರೆ ಸೆಕೆಂಡಿಗೆ ಸಾವಿರಾರು ಸಲ ಗುರುತಿಸಿಟ್ಟ ಅಲೆಯ ಎತ್ತರದ ಚುಕ್ಕೆಗಳನ್ನಷ್ಟೇ ನೋಡುತ್ತದೆ. ಫೋನಿನೊಳಗೆ ಆ ಚುಕ್ಕೆಗಳಿಂದ ಮತ್ತೆ ಅಲೆಯನ್ನು ಕಟ್ಟುವಾಗ ಎರಡು ಚುಕ್ಕೆಗಳ ನಡುವೆ ಅಲೆ ಇನ್ನೂ ಮೇಲೆ ಹೋಗಬಹುದು. ಸ್ಯಾಂಪಲ್ ದರದ ನಾಲ್ಕನೇ ಒಂದು ಭಾಗದಷ್ಟು ಕಂಪನವಿರುವ ಸ್ವರದಲ್ಲಿ, ಚುಕ್ಕೆಗಳು ನೆತ್ತಿಯ ಎರಡೂ ಬದಿಗೆ ಸಮದೂರದಲ್ಲಿ ಬಿದ್ದರೆ, ಮೀಟರ್ 3 ಡೆಸಿಬಲ್ ಕಡಿಮೆ ತೋರಿಸುತ್ತದೆ. ತಾಳದಂತಹ ಕಂಚಿನ ಸದ್ದಿನಲ್ಲಿ ಮೇಲಿನ ಕಂಪನಗಳೇ ತುಂಬಿರುವುದರಿಂದ ಈ ತೊಂದರೆ ಅಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ.

ಅದಕ್ಕೆಂದೇ ಟ್ರೂ ಪೀಕ್ ಮೀಟರ್ ಇದೆ. ಅದು ಸ್ಯಾಂಪಲ್ಲುಗಳ ನಡುವೆ ಹೊಸ ಚುಕ್ಕೆಗಳನ್ನು ಲೆಕ್ಕ ಹಾಕಿ, ಸಾಮಾನ್ಯವಾಗಿ ನಾಲ್ಕು ಪಟ್ಟು ಒತ್ತೊತ್ತಾಗಿ ಅಳೆಯುತ್ತದೆ. ಎಂಪಿ3 ಮತ್ತು ಎಎಸಿ ಮಾಡುವಾಗ ಧ್ವನಿಯ ಒಂದಷ್ಟು ಭಾಗವನ್ನು ಎಸೆಯುವುದರಿಂದ ಅಲೆಯ ಆಕಾರ ಬದಲಾಗಿ ತುದಿ ಇನ್ನಷ್ಟು ಏರುವುದೂ ಉಂಟು. ಆದ್ದರಿಂದ ಲಿಮಿಟರಿನ ಗಡಿಯನ್ನು ಟ್ರೂ ಪೀಕ್ ಲೆಕ್ಕದಲ್ಲಿ ಮೈನಸ್ 1ಕ್ಕೆ ಇಡಿ. ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ತಂದ ಆರ್ 128 ಎಂಬ ಶಿಫಾರಸಿನಲ್ಲೂ ಗಡಿ ಇದೇ. ಅಲ್ಲಿ ಲೌಡ್‌ನೆಸ್ ಮಟ್ಟ ಮಾತ್ರ ಮೈನಸ್ 23 ಲಫ್ಸ್. ಮೈನಸ್ 14ಕ್ಕಿಂತ ಜೋರಾದ ಮಾಸ್ಟರ್ ಕೊಡುವುದಾದರೆ ಮೈನಸ್ 2ಕ್ಕೆ ಇಡಿ ಎನ್ನುತ್ತದೆ ಸ್ಪಾಟಿಫೈ.

ಪ್ರಶ್ನೆ: ನಾವು ಕೃಷಿ ಕುರಿತ ಮಾತುಕತೆಯ ಪಾಡ್‌ಕಾಸ್ಟ್ ಮಾಡುತ್ತೇವೆ. ಒಂದೇ ಫೈಲನ್ನು ಮೋನೋದಲ್ಲಿ ಅಳೆದರೆ ಒಂದು ಅಂಕಿ, ಸ್ಟೀರಿಯೊ ಮಾಡಿ ಅಳೆದರೆ ಇನ್ನೊಂದು ಅಂಕಿ ಬರುತ್ತದೆ. ಯಾವುದನ್ನು ನಂಬಬೇಕು? (ಓದುಗರೊಬ್ಬರು, ಕುಮಟಾ)

ಉತ್ತರ: ಎರಡೂ ಸರಿ. ಮೀಟರ್ ಎಡ-ಬಲ ಚಾನೆಲ್ಲುಗಳ ಶಕ್ತಿಯನ್ನು ಕೂಡಿಸುವುದರಿಂದ, ಅದೇ ಧ್ವನಿ ಎರಡೂ ಕಡೆ ಇದ್ದಾಗ ಅಂಕಿ 3 ಯೂನಿಟ್ ಮೇಲೆ ಬರುತ್ತದೆ. ಮೋನೋ ಫೈಲೂ ಕೇಳುಗರ ಎರಡೂ ಕಿವಿಗೆ ತಲುಪುತ್ತದಾದ್ದರಿಂದ, ಮೋನೋದಲ್ಲಿ ಮೈನಸ್ 19 ತೋರಿಸಿದ್ದು ಸ್ಟೀರಿಯೊದಲ್ಲಿ ಮೈನಸ್ 16 ಆಗಿ ನುಡಿಯುತ್ತದೆ. ಪಾಡ್‌ಕಾಸ್ಟಿಗೆ ಆ್ಯಪಲ್ ಸೂಚಿಸುವ ಮಟ್ಟ ಮೈನಸ್ 16, ಹೆಚ್ಚುಕಡಿಮೆ 1. ಕೆಲವು ಮೀಟರುಗಳಲ್ಲಿ ಡ್ಯುಯಲ್ ಮೋನೋ ಎಂಬ ಆಯ್ಕೆ ಇರುತ್ತದೆ. ಅದನ್ನು ಹಾಕಿಕೊಂಡರೆ ಈ ಗೊಂದಲವೇ ಇಲ್ಲ.

ಪ್ರಶ್ನೆ: ದುಡ್ಡು ಕೊಡದೆ ಸಿಗುವ ನಂಬಿಕಸ್ತ ಲೌಡ್‌ನೆಸ್ ಮೀಟರ್ ಇದೆಯೆ? ಮಿಕ್ಸ್ ಮಾಡುವಾಗ ಅದನ್ನು ಸದಾ ನೋಡುತ್ತಲೇ ಇರಬೇಕೆ? (ಓದುಗರೊಬ್ಬರು, ಯಲ್ಲಾಪುರ)

ಉತ್ತರ: ಇದೆ. ಯೂಲಿಯನ್ ಲೌಡ್‌ನೆಸ್ ಮೀಟರಿನ ಉಚಿತ ಆವೃತ್ತಿ ನಮ್ಮ ಕೆಲಸಕ್ಕೆ ಧಾರಾಳ ಸಾಕು. ಆಡಾಸಿಟಿಯಲ್ಲಿ ಬೇಕಾದ ಲಫ್ಸ್ ಮಟ್ಟಕ್ಕೆ ಹೊಂದಿಸುವ ಲೌಡ್‌ನೆಸ್ ನಾರ್ಮಲೈಸೇಶನ್ ಇದೆ. ಅದು ತಾನಾಗಿ ತುದಿಯನ್ನು ಕಾಯುವುದಿಲ್ಲ, ನಂತರ ಲಿಮಿಟರ್ ಹಾಕುವುದು ನಿಮ್ಮ ಹೊಣೆ.

ಮಿಕ್ಸ್ ಮಾಡುವಾಗ ಮೀಟರಿಗಿಂತ ಸ್ಪೀಕರಿನ ವಾಲ್ಯೂಮ್ ಗುಂಡಿಯ ಮೇಲೆ ಕಣ್ಣಿಡಿ. ಜೋರಾಗಿ ಕೇಳಿದರೆ ತಗ್ಗಿನ ಸ್ವರಗಳೂ ಮೇಲಿನವೂ ಹೆಚ್ಚು ತುಂಬಿ ಕೇಳುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಜೋರು ಮಾಡಿದ್ದೆಲ್ಲ ಚೆನ್ನಾಗಾಯಿತೆಂದು ಮನಸ್ಸು ಮೋಸಹೋಗುತ್ತದೆ. ನಿಮಗೆ ಹಿತವಾದ ಒಂದು ಮಟ್ಟಕ್ಕೆ ಗುಂಡಿ ತಿರುಗಿಸಿ, ಅಲ್ಲಿಗೊಂದು ಚೂರು ಟೇಪು ಅಂಟಿಸಿ, ದಿನವೂ ಅಲ್ಲಿಯೇ ಕೆಲಸ ಮಾಡಿ. ಬೇರೆಯವರ ಮುದ್ರಣದ ಜೊತೆ ಹೋಲಿಸುವಾಗ ಎರಡನ್ನೂ ಒಂದೇ ಲಫ್ಸ್‌ಗೆ ತಂದು ಹೋಲಿಸಿ. ಲೌಡ್‌ನೆಸ್ ಮೀಟರಿನ ಅತ್ಯುತ್ತಮ ಉಪಯೋಗ ಇದೇ ಎಂದು ನನ್ನ ಅಭಿಪ್ರಾಯ. ನಡುನಡುವೆ ಶಾರ್ಟ್ ಟರ್ಮ್ ಅಂಕಿಯನ್ನು ಒಮ್ಮೆ ಕಣ್ಣಾಡಿಸಿದರೆ ಸಾಕು. ಇಂಟಿಗ್ರೇಟೆಡ್ ಅಂಕಿಯನ್ನು ಕೆಲಸ ಮುಗಿದ ಮೇಲೆ ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಅಳೆಯಿರಿ, ಮತ್ತು ಶುರು ಮಾಡುವ ಮೊದಲು ಮೀಟರಿನ ರೀಸೆಟ್ ಗುಂಡಿ ಒತ್ತಿ. ಇಲ್ಲವಾದರೆ ಹಿಂದೆ ಕೇಳಿದ ಪದ್ಯದ ಅಳತೆಯೂ ಇದಕ್ಕೆ ಸೇರಿಕೊಂಡು, ಸರಿಯಾಗಿಯೇ ಇದ್ದ ಮಾಸ್ಟರನ್ನು ಮತ್ತೆ ಬಿಚ್ಚಿ ಕೂರುತ್ತೀರಿ.